ಕಟ್ ಕಟ್ ಆಗಿ ಬರುವ ಸದ್ದು: ತಪ್ಪು ಲಿನಕ್ಸಿನದೋ, ತರಂಗದ್ದೋ?

ಲಿನಕ್ಸ್ ಇರುವ ಲ್ಯಾಪ್‌ಟಾಪಿಗೆ ಬ್ಲೂಟೂತ್ ಹೆಡ್‌ಫೋನ್ ಜೋಡಿಸಿಕೊಂಡು ಪಾಠವನ್ನೋ ಹಾಡನ್ನೋ ಕೇಳಲು ಕೂತವರಿಗೆ ಸದ್ದು ಕಟ್ ಕಟ್ ಆಗಿ ಬಂದರೆ ಬೈಗುಳ ಮೊದಲು ಬೀಳುವುದು ಲಿನಕ್ಸ್ ಮೇಲೆ, ಆಮೇಲೆ ಹೆಡ್‌ಫೋನ್ ಮೇಲೆ. ಪರಿಹಾರ ಹುಡುಕುವವರೂ ಅದೇ ಜಾಡು ಹಿಡಿಯುತ್ತಾರೆ. ಎಲ್ಲೋ ಓದಿದ ಆಜ್ಞೆಗಳನ್ನು ಟರ್ಮಿನಲ್‌ಗೆ ಅಂಟಿಸುತ್ತಾರೆ, ಸೆಟ್ಟಿಂಗ್ ಕಡತಗಳನ್ನು ತಿದ್ದುತ್ತಾರೆ, ಧ್ವನಿ ತಂತ್ರಾಂಶವನ್ನು ಕಿತ್ತು ಮತ್ತೆ ಹಾಕುತ್ತಾರೆ, ಯಾವುದೂ ನಡೆಯದಿದ್ದಾಗ ಲಿನಕ್ಸನ್ನೇ ಅಳಿಸಿಬಿಡುತ್ತಾರೆ. ನನ್ನ ಪ್ರಕಾರ ಈ ಹುಡುಕಾಟ ತಲೆಕೆಳಗಾಗಿದೆ. ಮೊದಲು ಶಂಕಿಸಬೇಕಾದದ್ದು ಮನೆಯೊಳಗಿನ 2.4 ಗಿಗಾಹರ್ಟ್ಸ್ ತರಂಗಗಳ ದಟ್ಟಣೆಯನ್ನು. ಎರಡನೆಯದು, ಆ ದಟ್ಟಣೆಯಲ್ಲಿ ವೈಫೈಗೂ ಬ್ಲೂಟೂತ್‌ಗೂ ದಾರಿ ಹಂಚಬೇಕಾದ ಕಾರ್ಡು ಮತ್ತು ಅದರ ಫರ್ಮ್‌ವೇರ್. ಎಲ್ಲರೂ ಮೊದಲು ಕೈಹಾಕುವ ಪೈಪ್‌ವೈರ್, ಪಲ್ಸ್‌ಆಡಿಯೊ ಎಂಬ ಧ್ವನಿ ತಂತ್ರಾಂಶಗಳ ಸರದಿ ಬರಬೇಕಾದದ್ದು ಮೂರನೆಯದಾಗಿ. ಈ ಕ್ರಮವೇ ಸರಿ ಎಂದು ತೋರಿಸಲು ಆದೋನಿ ಮತ್ತು ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗಕ್ಕಿಂತ ಒಳ್ಳೆಯ ನೆಲ ಸಿಗುವುದು ಕಷ್ಟ.

ಆದೋನಿ, ಆಲೂರು ತಾಲ್ಲೂಕುಗಳು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆ ವರ್ಷ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಮೈಸೂರಿಗೆ ಬಂತು, ಇವು ಆಚೆ ಉಳಿದವು. ಹೊಳಗುಂದ, ಕೌತಾಳಂ, ಕೋಸಿಗಿ, ಹಾಲಹರವಿ, ಮಂತ್ರಾಲಯದ ಕಡೆ ಕನ್ನಡ ಇಂದಿಗೂ ಮನೆಮಾತು. ಕನ್ನಡ ಮಾಧ್ಯಮದ ಶಾಲೆಗಳೂ ಇವೆ. ಆದರೆ ಸರ್ಕಾರಿ ಕಚೇರಿ, ಬಜಾರು, ಕೇಬಲ್ ಟಿವಿಗಳಲ್ಲಿ ತೆಲುಗಿನದೇ ಮೇಲುಗೈ. ಇಂಥ ಕಡೆ ಕನ್ನಡದ ಪಾಠ, ಸುದ್ದಿ, ನಾಟಕ, ಪ್ರವಚನಗಳು ಬಹಳಷ್ಟು ಇಂಟರ್ನೆಟ್ಟಿನ ಮೂಲಕ ಕಿವಿಗೆ ಬೀಳುತ್ತವೆ. ಹಳೆಯ ಲ್ಯಾಪ್‌ಟಾಪಿಗೆ ಹೊಸ ವಿಂಡೋಸ್ ಭಾರವಾದಾಗ ಲಿನಕ್ಸ್ ಮಿಂಟನ್ನೋ ಉಬುಂಟುವನ್ನೋ ಹಾಕಿಕೊಂಡವರಿಗೆ ಸದ್ದು ಕಡಿದರೆ ಕನ್ನಡದಲ್ಲಿ ಕೇಳಲು ಯಾರೂ ಸಿಗುವುದಿಲ್ಲ. ಇಂಗ್ಲಿಷಿನಲ್ಲಿ ಸಿಗುವ ಸಲಹೆಗಳು ನೂರಾರಿವೆ, ಒಂದಕ್ಕೊಂದು ವಿರುದ್ಧವೂ ಆಗಿವೆ. ಯಾವ ಸಲಹೆ ಯಾವ ದೋಷಕ್ಕೆ ಎಂದು ವಿಂಗಡಿಸಿ ಹೇಳುವವರೇ ಇಲ್ಲದಿರುವುದು ನಿಜವಾದ ಕೊರತೆ. ಲಿನಕ್ಸ್ ಮೇಲಿನ ನಂಬಿಕೆಯನ್ನು ಕಳೆಯುವುದೂ ಅದೇ.

ತರಂಗದಿಂದ ಶುರುಮಾಡೋಣ. ಬ್ಲೂಟೂತ್ ಕೆಲಸಮಾಡುವುದು 2402ರಿಂದ 2480 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ. ಅದನ್ನು ಒಂದೊಂದು ಮೆಗಾಹರ್ಟ್ಸಿನ 79 ಚಾನೆಲ್‌ಗಳಾಗಿ ಒಡೆದು, ಸೆಕೆಂಡಿಗೆ 1600 ಬಾರಿಯವರೆಗೆ ಚಾನೆಲಿನಿಂದ ಚಾನೆಲಿಗೆ ಜಿಗಿಯುತ್ತ ಹೆಡ್‌ಫೋನಿಗೆ ಸದ್ದು ಸಾಗಿಸುತ್ತದೆ. ಇದೇ ಪಟ್ಟಿಯಲ್ಲಿ ಹಳೆಯ ವೈಫೈ ಕೂಡ ಇದೆ, ಮೈಕ್ರೋವೇವ್ ಒಲೆಯೂ ಇದೆ. ಒಂದು ವೈಫೈ ರೂಟರ್ 20 ಮೆಗಾಹರ್ಟ್ಸ್ ಅಗಲ ಹಿಡಿಯುತ್ತದೆ. ಪರಸ್ಪರ ತಾಗದ ಚಾನೆಲುಗಳೆಂದು ಎಲ್ಲರೂ ಬಳಸುವ 1, 6, 11ರಲ್ಲಿ ಮೂರು ಮನೆಗಳ ರೂಟರುಗಳು ಜೋರಾಗಿ ಕೆಲಸಮಾಡುತ್ತಿದ್ದರೆ 60 ಮೆಗಾಹರ್ಟ್ಸ್ ಹೋಯಿತು. 2003ರ ಬ್ಲೂಟೂತ್ 1.2 ಆವೃತ್ತಿಯಿಂದ ಗದ್ದಲವಿರುವ ಚಾನೆಲುಗಳನ್ನು ಗುರುತಿಸಿ ಬಿಟ್ಟು ಜಿಗಿಯುವ ವ್ಯವಸ್ಥೆ ಬಂದಿದೆ ನಿಜ, ಆದರೆ ಆ ವ್ಯವಸ್ಥೆಗೆ ಕನಿಷ್ಠ 20 ಚಾನೆಲುಗಳಾದರೂ ಬೇಕು. 79ರಲ್ಲಿ 60 ಕಳೆದರೆ ಉಳಿಯುವುದು ಎಷ್ಟೆಂದು ನೋಡಿ. ದಾರಿಯಲ್ಲಿ ಕಳೆದುಹೋದ ತುಣುಕನ್ನು ಬ್ಲೂಟೂತ್ ಮತ್ತೆ ಕಳಿಸುತ್ತದೆ. ಹಾಗೆ ಮರಳಿ ಕಳಿಸುವಷ್ಟು ಹೊತ್ತು ಹೆಡ್‌ಫೋನಿನ ಒಳಗೆ ಮುಂಚೆಯೇ ಕೂಡಿಟ್ಟ ಸದ್ದಿನ ಪುಟ್ಟ ದಾಸ್ತಾನು, ಎಂದರೆ ಬಫರ್, ಕಾಯುತ್ತದೆ. ಆ ಬಫರ್ ಬರಿದಾದ ಕ್ಷಣದಲ್ಲಿ ನಮ್ಮ ಕಿವಿಗೆ ಕಟ್ ಎನ್ನುವ ಅನುಭವ. ಇದರಲ್ಲಿ ಲಿನಕ್ಸಿನ ಕೈವಾಡ ಇನ್ನೂ ಬಂದೇ ಇಲ್ಲ.

ಭಾರತದಲ್ಲಿ ಈ 2.4 ಗಿಗಾಹರ್ಟ್ಸ್ ಪಟ್ಟಿ ಪರವಾನಗಿಯಿಲ್ಲದೆ ಬಳಸಲು ಮುಕ್ತವಾದದ್ದು 2005ರಲ್ಲಿ. ವಿಶಾಲವಾದ 5 ಗಿಗಾಹರ್ಟ್ಸ್ ಪಟ್ಟಿ ಹಾಗೆ ಮುಕ್ತವಾಗಲು 2018ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು. ಹೀಗಾಗಿ ನಮ್ಮ ಮನೆಗಳಿಗೆ ಬಂದ ಅಗ್ಗದ ಪೆಟ್ಟಿಗೆಗಳಲ್ಲಿ ಬಹಳಷ್ಟು 2.4 ಒಂದನ್ನೇ ಬಲ್ಲವು. 2017ರ ಡಿಸೆಂಬರಿನಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದ ಆಂಧ್ರಪ್ರದೇಶ ಫೈಬರ್‌ನೆಟ್ ಯೋಜನೆ ಕರೆಂಟು ಕಂಬಗಳ ಮೇಲೆಯೇ ಕೇಬಲ್ ಎಳೆದು ಟಿವಿ, ಫೋನು, ಇಂಟರ್ನೆಟ್ ಮೂರನ್ನೂ ಮನೆಗೆ ತಂದಿತು. ಖಾಸಗಿಯವರೂ ಹಿಂದೆ ಬೀಳಲಿಲ್ಲ. 2011ರ ಜನಗಣತಿಯಲ್ಲೇ ಒಂದೂವರೆ ಲಕ್ಷ ದಾಟಿದ್ದ ಆದೋನಿಯ ಹಳೆಯ ಓಣಿಗಳಲ್ಲಿ ಮನೆಗೆ ಮನೆ ಅಂಟಿಕೊಂಡಿದೆ. ಅಂಥಲ್ಲಿ ಲ್ಯಾಪ್‌ಟಾಪಿನ ವೈಫೈ ಪಟ್ಟಿ ತೆರೆದರೆ ನೆರೆಮನೆಗಳ ಹೆಸರುಗಳು ಸಾಲುಗಟ್ಟುತ್ತವೆ. ಅದೇ ಲ್ಯಾಪ್‌ಟಾಪನ್ನು ಹೊಳಗುಂದದ ಕಡೆಯ ಒಂದು ಸಣ್ಣ ಹಳ್ಳಿಗೆ ಒಯ್ದರೆ ಪಟ್ಟಿ ಒಂದೆರಡು ಹೆಸರಿಗೆ ಇಳಿಯುತ್ತದೆ. ಇದಕ್ಕಿಂತ ಸರಳವಾದ ಪರೀಕ್ಷೆ ಬೇಡ. ಸೆಟ್ಟಿಂಗಿನಲ್ಲಿ ಒಂದಕ್ಷರವನ್ನೂ ಮುಟ್ಟದೆ ಊರನ್ನಷ್ಟೇ ಬದಲಿಸಿದಾಗ ಸದ್ದು ಸರಿಹೋದರೆ ತಪ್ಪು ತಂತ್ರಾಂಶದಲ್ಲಿಲ್ಲ. ಎರಡೂ ಕಡೆ ಒಂದೇ ತೆರನಾಗಿ ಕಡಿದರೆ ಯಂತ್ರವನ್ನು ಶಂಕಿಸಲು ಗಟ್ಟಿ ಕಾರಣ ಸಿಕ್ಕಿತು. ಊರು ಬದಲಿಸಲಾಗದವರು ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ, ಡಿಸ್ಕಿನಲ್ಲಿರುವ ಹಾಡೊಂದನ್ನು ಕೇಳಿ ನೋಡಬಹುದು. ವೈಫೈ ಆರಿದೊಡನೆ ಸದ್ದು ತಿಳಿಯಾದರೆ ಕಾರ್ಡಿನೊಳಗಿನ ಹಂಚಿಕೆಯಲ್ಲೇ ತೊಡಕಿದೆ ಎಂದು ಬಹುಮಟ್ಟಿಗೆ ಹೇಳಬಹುದು.

ಡಿಸ್ಕಿನಲ್ಲಿರುವ ಹಾಡು ಎಂದು ಬೇಕೆಂದೇ ಹೇಳಿದೆ. ನೆಟ್ ನಿಧಾನವಾಗಿ ವಿಡಿಯೊ ತಡೆಯುವುದಕ್ಕೂ ಬ್ಲೂಟೂತ್ ಕಡಿಯುವುದಕ್ಕೂ ಕಿವಿಗೆ ವ್ಯತ್ಯಾಸ ಗೊತ್ತಾಗದೆ ಇರಬಹುದು. ಲ್ಯಾಪ್‌ಟಾಪಿನ ಸ್ವಂತ ಸ್ಪೀಕರಿನಲ್ಲೂ ಕಡಿದರೆ ಹೆಡ್‌ಫೋನಿಗೆ ಸಂಬಂಧವೇ ಇಲ್ಲ. ನೆಟ್ಟನ್ನೋ ಪ್ರೊಸೆಸರನ್ನೋ ನೋಡಬೇಕು. ಆದೋನಿಯಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಫ್ಯಾನಿನ ಸಂದಿಯಲ್ಲಿ ಧೂಳು ಕಟ್ಟಿದ ಹಳೆಯ ಲ್ಯಾಪ್‌ಟಾಪ್ ಆಗ ಕಾದು ವೇಗ ಇಳಿಸಿಕೊಂಡರೆ ಧ್ವನಿಯ ತುಣುಕುಗಳು ಹೊತ್ತಿಗೆ ಸರಿಯಾಗಿ ಸಿದ್ಧವಾಗುವುದಿಲ್ಲ. ಇದನ್ನು ಹಿಡಿಯಲು ಪೈಪ್‌ವೈರ್ ಜೊತೆಗೇ ಬರುವ ಪಿಡಬ್ಲ್ಯೂ-ಟಾಪ್ ಎಂಬ ಸಲಕರಣೆ ಇದೆ. ಟರ್ಮಿನಲಿನಲ್ಲಿ ಅದನ್ನು ಓಡಿಸಿ ದೋಷಗಳ ಎಣಿಕೆ ತೋರಿಸುವ ಅಂಕಣದ ಮೇಲೆ ಕಣ್ಣಿಡಬೇಕು. ಸದ್ದು ಕಡಿದಾಗೆಲ್ಲ ಆ ಅಂಕಿ ಏರುತ್ತಿದ್ದರೆ ಯಂತ್ರವೇ ತಡಮಾಡುತ್ತಿದೆ. ಆಗ ಬಫರ್ ಹಿಗ್ಗಿಸುವ ಸಲಹೆ ಕೆಲಸಕ್ಕೆ ಬರುತ್ತದೆ. ಅಂಕಿ ಅಲುಗದೆ ಸದ್ದು ಮಾತ್ರ ಕಡಿಯುತ್ತಿದ್ದರೆ ಪೈಪ್‌ವೈರ್ ತನ್ನ ಕೆಲಸ ಮುಗಿಸಿ ಕಳಿಸಿಯಾಗಿದೆ, ನಷ್ಟವಾಗುತ್ತಿರುವುದು ಮುಂದಿನ ದಾರಿಯಲ್ಲಿ. ಎಲ್ಲ ಕಾಯಿಲೆಗೂ ಬಫರ್ ಹಿಗ್ಗಿಸಿ ಎನ್ನುವ ಸಲಹೆ ಬಹಳ ಚಾಲ್ತಿಯಲ್ಲಿದೆ. ತರಂಗದ ದಟ್ಟಣೆಗೆ ಅದರಿಂದ ಏನೂ ಆಗದು, ಏಕೆಂದರೆ ಬರಿದಾಗುತ್ತಿರುವುದು ಹೆಡ್‌ಫೋನಿನ ಬಫರ್, ಲ್ಯಾಪ್‌ಟಾಪಿನದಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ: ಅದೇ ಹೆಡ್‌ಫೋನ್, ಅದೇ ಕೋಣೆ, ಫೋನಿನಲ್ಲಿ ಚೆನ್ನಾಗಿಯೇ ಕೇಳುತ್ತದಲ್ಲ? ಈ ಹೋಲಿಕೆ ಸಮಾನರ ನಡುವಿನದಲ್ಲ. ಫೋನ್ ಹೆಚ್ಚಾಗಿ ಮೊಬೈಲ್ ಡೇಟಾದ ಮೇಲೆ ಓಡುತ್ತಿರುತ್ತದೆ, ಎಂದರೆ ಅದರ ವೈಫೈ ಸುಮ್ಮನಿರುತ್ತದೆ. ಫೋನ್ ಕೈಯಲ್ಲಿದ್ದು ಕಿವಿಯಿಂದ ಅರ್ಧ ಮೀಟರಿನಲ್ಲಿರುತ್ತದೆ. ಲ್ಯಾಪ್‌ಟಾಪಿನ ಆಂಟೆನಾ ಪರದೆಯ ಅಂಚಿನಲ್ಲೋ ತಳದಲ್ಲೋ ಅಡಗಿರುತ್ತದೆ. ಹೆಚ್ಚಿನ ನೀರಿನಿಂದಾದ ನಮ್ಮ ಮೈ ಈ ತರಂಗಗಳನ್ನು ಹೀರುವುದರಿಂದ, ನಾವು ಬೆನ್ನು ತಿರುಗಿಸಿ ಕೂತರೂ ವ್ಯತ್ಯಾಸ ಆಗುತ್ತದೆ. ನ್ಯಾಯವಾದ ಪರೀಕ್ಷೆ ಬೇಕಾದರೆ ಫೋನನ್ನು ಅದೇ 2.4 ವೈಫೈಗೆ ಜೋಡಿಸಿ, ದೊಡ್ಡ ಕಡತವೊಂದನ್ನು ಇಳಿಸಿಕೊಳ್ಳುತ್ತ, ಮೇಜಿನ ಮೇಲೆ ಲ್ಯಾಪ್‌ಟಾಪ್ ಇರುವ ಜಾಗದಲ್ಲೇ ಇಟ್ಟು ಕೇಳಬೇಕು. ಅಷ್ಟಾದ ಮೇಲೂ ಫೋನ್ ಗೆದ್ದರೆ, ಹಂಚಿಕೆಯನ್ನು ಫೋನಿನ ಚಿಪ್ ಚೆನ್ನಾಗಿ ನಿಭಾಯಿಸುತ್ತಿದೆ, ಲ್ಯಾಪ್‌ಟಾಪಿನ ಕಾರ್ಡು ಸೋಲುತ್ತಿದೆ ಎಂದರ್ಥ. ಹೆಡ್‌ಫೋನ್ ನಿರ್ದೋಷಿ ಎಂಬುದಂತೂ ಆಗಲೇ ತೀರ್ಮಾನವಾಗಿರುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು: ಇದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಇದ್ದಾಗ ಸದ್ದು ಸರಿಯಾಗಿತ್ತು, ಲಿನಕ್ಸ್ ಹಾಕಿದ ಮೇಲೆ ಕೆಟ್ಟಿತು. ಇದನ್ನು ತಳ್ಳಿಹಾಕುವಂತಿಲ್ಲ. ಕಡಿಮೆ ಬೆಲೆಯ ಲ್ಯಾಪ್‌ಟಾಪುಗಳಲ್ಲಿ ವೈಫೈ, ಬ್ಲೂಟೂತ್ ಎರಡೂ ಒಂದೇ ಕಾರ್ಡಿನಲ್ಲಿರುತ್ತವೆ. ಎಷ್ಟೋ ಬಾರಿ ಎರಡಕ್ಕೂ ಸೇರಿ ಒಂದೇ ಆಂಟೆನಾ. ಒಂದೇ ಬಂಡಿ ಹಿಡಿಯುವ ಓಣಿಯಲ್ಲಿ ಎರಡು ಬಂಡಿ ಎದುರುಬದುರಾದ ಹಾಗೆ, ಯಾರು ಮೊದಲು ಹೋಗಬೇಕೆಂದು ಮಿಲಿಸೆಕೆಂಡುಗಳಲ್ಲಿ ತೀರ್ಮಾನ ಆಗಬೇಕು. ಆ ತೀರ್ಮಾನ ಮಾಡುವುದು ಕಾರ್ಡಿನ ಒಳಗೆ ಓಡುವ ಫರ್ಮ್‌ವೇರ್. ಅದನ್ನು ಬರೆಯುವವರು ಚಿಪ್ ತಯಾರಕರು. ಅದರ ಮೂಲ ಸಂಕೇತ ಸಾಮಾನ್ಯವಾಗಿ ಮುಚ್ಚಿರುತ್ತದೆ. ವಿಂಡೋಸಿಗೆ ತಯಾರಕರು ಹೊಸ ಆವೃತ್ತಿ ಕೊಟ್ಟು ಲಿನಕ್ಸಿನ ಫರ್ಮ್‌ವೇರ್ ಸಂಗ್ರಹಕ್ಕೆ ಹಳೆಯದನ್ನೇ ಉಳಿಸಿದ್ದರೆ, ಅದೇ ಕಾರ್ಡು ಎರಡು ಬಗೆಯಾಗಿ ನಡೆದುಕೊಳ್ಳುತ್ತದೆ. ಹಾಗಾಗಿ ಆಕ್ಷೇಪ ಅರ್ಧ ನಿಜ. ದಟ್ಟಣೆಯೇ ಮೂಲ, ಆದರೆ ಅದನ್ನು ತಾಳಿಕೊಳ್ಳುವ ಶಕ್ತಿ ಲಿನಕ್ಸ್ ಕಡೆ ಕಡಿಮೆಯಾಗಿರಬಹುದು. ಇದನ್ನು ಪರೀಕ್ಷಿಸಲು ಏನನ್ನೂ ಅಳಿಸಬೇಕಿಲ್ಲ. ಹೊಸದಾಗಿ ಬಿಡುಗಡೆಯಾದ ಫೆಡೋರವನ್ನೋ ಉಬುಂಟುವನ್ನೋ ಪೆನ್ ಡ್ರೈವಿಗೆ ಹಾಕಿ ಅದರಿಂದಲೇ ಲ್ಯಾಪ್‌ಟಾಪ್ ಶುರುಮಾಡಿ ಕೇಳಿದರೆ ಸಾಕು; ಸದ್ದು ಸರಿಯಿದ್ದರೆ ಕರ್ನಲ್ ಮತ್ತು ಫರ್ಮ್‌ವೇರ್ ನವೀಕರಿಸುವುದೇ ಮದ್ದು. ಇಲ್ಲೊಂದು ಎಚ್ಚರಿಕೆ ಹೇಳಬೇಕು. ಇಂಟೆಲ್ ಕಾರ್ಡುಗಳ ಡ್ರೈವರಿನಲ್ಲಿ ವೈಫೈ-ಬ್ಲೂಟೂತ್ ಹೊಂದಾಣಿಕೆಯನ್ನೇ ಆಫ್ ಮಾಡುವ ಆಯ್ಕೆ ಇದೆ, ಅದನ್ನು ಸೊನ್ನೆ ಮಾಡಿ ಎಂಬ ಸಲಹೆ ಬಹಳ ಕಡೆ ಕಾಣುತ್ತದೆ. ಅದರಿಂದ ವೈಫೈ ವೇಗ ಹೆಚ್ಚಬಹುದು, ಆದರೆ ದಾರಿ ಹಂಚುವವನನ್ನೇ ಓಡಿಸಿದಂತಾಗಿ ಬ್ಲೂಟೂತ್ ಇನ್ನಷ್ಟು ಕೆಡುವ ಸಂಭವವೇ ಹೆಚ್ಚು. ಹೆಡ್‌ಫೋನಿಗಾಗಿ ಒದ್ದಾಡುವವರಿಗೆ ನಾನಂತೂ ಆ ಸಲಹೆ ಕೊಡಲಾರೆ.

ಇನ್ನು ದಟ್ಟಣೆ ಇಳಿಸುವ ದಾರಿಗಳು. ರೂಟರ್ 5 ಗಿಗಾಹರ್ಟ್ಸ್ ಬಲ್ಲದಾದರೆ ಲ್ಯಾಪ್‌ಟಾಪನ್ನು ಅದಕ್ಕೆ ಬದಲಿಸುವುದು ಮೊದಲ ಮದ್ದು. ಹಳೆಯ ಮನೆಗಳ ದಪ್ಪ ಕಲ್ಲುಗೋಡೆಗಳನ್ನು 5 ಗಿಗಾಹರ್ಟ್ಸ್ ದಾಟುವುದಿಲ್ಲ ಎಂಬ ದೂರು ಸರಿಯಾದದ್ದೇ, ಪೆಟ್ಟಿಗೆ 2.4 ಮಾತ್ರ ಬಲ್ಲದು ಎಂಬುದೂ ಎಷ್ಟೋ ಮನೆಗಳ ಸ್ಥಿತಿ. ಆಗ ರೂಟರಿನಿಂದ ಲ್ಯಾಪ್‌ಟಾಪಿಗೆ ಒಂದು ಲ್ಯಾನ್ ಕೇಬಲ್ ಎಳೆಯಿರಿ. ಆಮೇಲೆ ವೈಫೈಯನ್ನು ಪೂರ್ತಿ ಆಫ್ ಮಾಡಿದರೆ ಕಾರ್ಡು, ಆಂಟೆನಾ ಎರಡೂ ಬ್ಲೂಟೂತ್‌ಗೇ ಬಿಡುವಾಗುತ್ತವೆ. ಇಷ್ಟು ಅಗ್ಗದ, ಇಷ್ಟು ಖಚಿತವಾದ ಪರಿಹಾರವನ್ನು ಜನ ಕೊನೆಗೆ ಉಳಿಸಿಕೊಳ್ಳುವುದೇಕೋ ಅರ್ಥವಾಗದು. ಕೇಬಲ್ ಎಳೆಯಲಾಗದೆ 2.4ರಲ್ಲೇ ಇರಬೇಕಾದವರು ರೂಟರಿನ ಸೆಟ್ಟಿಂಗಿನಲ್ಲಿ ಅಗಲವನ್ನು 40ರಿಂದ 20 ಮೆಗಾಹರ್ಟ್ಸಿಗೆ ಇಳಿಸಲಿ. 40 ಎಂದರೆ ಇಡೀ ಪಟ್ಟಿಯ ಅರ್ಧವನ್ನು ಒಬ್ಬರೇ ಹಿಡಿದಂತೆ.

ಕೇಬಲ್ ಬಾರದ ಹಳ್ಳಿಗಳ ಕತೆ ಬೇರೆ. ಅಲ್ಲಿ ನೆರೆಯವರ ರೂಟರುಗಳಿಲ್ಲ, ಆದರೂ ಸದ್ದು ಕಡಿಯುತ್ತದೆ ಎಂಬ ದೂರು ಬಂದರೆ ಮೊದಲು ಫೋನಿನ ಹಾಟ್‌ಸ್ಪಾಟ್ ನೋಡಬೇಕು. ಫೋನ್ 2.4ರಲ್ಲಿ ಹಾಟ್‌ಸ್ಪಾಟ್ ಹಚ್ಚಿಕೊಂಡು ಲ್ಯಾಪ್‌ಟಾಪಿನ ಪಕ್ಕದಲ್ಲೇ ಕೂತಿರುತ್ತದೆ, ಲ್ಯಾಪ್‌ಟಾಪ್ ಅದರಿಂದ ವಿಡಿಯೊ ಎಳೆಯುತ್ತಿರುತ್ತದೆ, ಅದೇ ಹೊತ್ತಿಗೆ ಹೆಡ್‌ಫೋನಿಗೂ ಕಳಿಸುತ್ತಿರುತ್ತದೆ. ನಿರ್ಜನ ಬಯಲಿನಲ್ಲೂ ಈ ಮೂವರೇ ಸಾಕು ಗದ್ದಲಕ್ಕೆ. ಫೋನಿನಲ್ಲಿ ಹಾಟ್‌ಸ್ಪಾಟನ್ನು 5 ಗಿಗಾಹರ್ಟ್ಸಿಗೆ ಬದಲಿಸುವ ಆಯ್ಕೆ ಇದ್ದರೆ ಬದಲಿಸಬೇಕು. ಇಲ್ಲದಿದ್ದರೆ ಚಾರ್ಜರಿನ ಕೇಬಲನ್ನೇ ಲ್ಯಾಪ್‌ಟಾಪಿಗೆ ಚುಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಆಯಿತು. ಲಿನಕ್ಸ್ ಅದನ್ನು ಯಾವ ಡ್ರೈವರನ್ನೂ ಕೇಳದೆ ಗುರುತಿಸುತ್ತದೆ. ಯುಎಸ್‌ಬಿ ವಿಷಯದಲ್ಲೇ ಇನ್ನೊಂದು ಮಾತು: ಯುಎಸ್‌ಬಿ 3.0 ಸಾಧನಗಳು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಗದ್ದಲ ಸೂಸುತ್ತವೆ ಎಂದು ಇಂಟೆಲ್ 2012ರಲ್ಲೇ ಅಳತೆ ಮಾಡಿ ಪ್ರಕಟಿಸಿದೆ. ಬಾಹ್ಯ ಹಾರ್ಡ್ ಡಿಸ್ಕಿನ ಪಕ್ಕದ ಕಿಂಡಿಯಲ್ಲೇ ಬ್ಲೂಟೂತ್ ಡಾಂಗಲ್ ಚುಚ್ಚಿದ್ದರೆ ಅದನ್ನು ಒಂದು ಎಕ್ಸ್‌ಟೆನ್ಷನ್ ಕೇಬಲಿನಿಂದ ದೂರ ಇಡುವುದರಿಂದಲೇ ಕಡಿತ ನಿಂತುಹೋಗಬಹುದು.

ತಂತ್ರಾಂಶದ ತಪ್ಪುಗಳು ಇಲ್ಲವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಅವು ತಮ್ಮದೇ ಗುರುತು ಬಿಡುತ್ತವೆ ಎನ್ನುತ್ತಿದ್ದೇನೆ. ಗ್ನೋಮ್ ಡೆಸ್ಕ್‌ಟಾಪಿನಲ್ಲಿ ಬ್ಲೂಟೂತ್ ಸೆಟ್ಟಿಂಗಿನ ಕಿಟಕಿ ತೆರೆದೇ ಇದ್ದರೆ ಲ್ಯಾಪ್‌ಟಾಪ್ ಹೊಸ ಸಾಧನಗಳನ್ನು ಹುಡುಕುತ್ತಲೇ ಇರುತ್ತದೆ, ಆ ಹುಡುಕಾಟ ಸದ್ದಿನ ಸಮಯವನ್ನು ಕದಿಯುತ್ತದೆ. ದೋಷವೇನೆಂದು ನೋಡಲು ಆ ಕಿಟಕಿ ತೆರೆದು ಕೂತವರಿಗೆ ದೋಷ ಇನ್ನೂ ಹೆಚ್ಚಾಗಿ ಕಾಣುವುದು ಹೀಗೆ. ಅದನ್ನು ಮುಚ್ಚಿಯೇ ಪರೀಕ್ಷೆ ಮಾಡಬೇಕು. ಹೆಚ್ಚುಕಡಿಮೆ ಒಂದೇ ಅಂತರದಲ್ಲಿ, ಗಡಿಯಾರ ನೋಡಿ ಹೇಳುವ ಹಾಗೆ ಕಡಿಯುತ್ತಿದ್ದರೆ ನೆಟ್‌ವರ್ಕ್ ಮ್ಯಾನೇಜರ್ ಹಿನ್ನೆಲೆಯಲ್ಲಿ ವೈಫೈ ಹುಡುಕುತ್ತಿದೆಯೇ ಎಂದು ಜರ್ನಲ್ ದಾಖಲೆಯಲ್ಲಿ ಆ ಹೊತ್ತಿನ ಸಾಲುಗಳನ್ನು ಓದಬೇಕು. ಸದ್ದನ್ನು ಕುಗ್ಗಿಸಿ ಕಳಿಸುವ ವಿಧಾನದ, ಎಂದರೆ ಕೋಡೆಕ್‌ನ, ಆಯ್ಕೆಯೂ ಇದೇ ಸಾಲಿಗೆ ಸೇರುತ್ತದೆ. ಎಲ್ಲ ಹೆಡ್‌ಫೋನುಗಳೂ ಬಲ್ಲ ಎಸ್‌ಬಿಸಿ ಸಾಮಾನ್ಯವಾಗಿ ಸೆಕೆಂಡಿಗೆ 328 ಕಿಲೊಬಿಟ್ ಕೇಳಿದರೆ ಎಲ್‌ಡಿಎಸಿ ತನ್ನ ಉನ್ನತ ಮಟ್ಟದಲ್ಲಿ 990 ಕೇಳುತ್ತದೆ. ಪೈಪ್‌ವೈರ್ ಬಂದ ಮೇಲೆ ಇವೆಲ್ಲ ಸುಲಭವಾಗಿ ಸಿಗುತ್ತಿವೆ, ದೊಡ್ಡ ಅಂಕಿಯೇ ಒಳ್ಳೆಯ ಸದ್ದು ಎಂದು ಆರಿಸುವವರಿದ್ದಾರೆ. ಗಿಜಿಗುಡುವ ಓಣಿಯಲ್ಲಿ ದೊಡ್ಡ ಹೊರೆ ಮೊದಲು ಸಿಕ್ಕಿಬೀಳುತ್ತದೆ. ಸೌಂಡ್ ಸೆಟ್ಟಿಂಗಿನ ಪ್ರೊಫೈಲಿನಲ್ಲಿ ಬರೀ ಎಸ್‌ಬಿಸಿಗೆ ಇಳಿಸಿ ಕೇಳಿ; ಪಾಠಕ್ಕೂ ಸುದ್ದಿಗೂ ಅದು ಧಾರಾಳವಾಗಿ ಸಾಕು.

ಕಡಿತವಲ್ಲದ ಒಂದು ತೊಂದರೆಯನ್ನು ಜನ ಕಡಿತವೆಂದೇ ಹೇಳುತ್ತಾರೆ. ಆನ್‌ಲೈನ್ ಕ್ಲಾಸಿಗೆ ಸೇರಿ ಮೈಕ್ ಆನ್ ಆದೊಡನೆ ಸದ್ದು ಹಳೆಯ ಲ್ಯಾಂಡ್‌ಲೈನ್ ಫೋನಿನಂತೆ ಕುಗ್ಗುತ್ತದೆ. ಹಳೆಯ ಬಗೆಯ ಬ್ಲೂಟೂತ್‌ನಲ್ಲಿ ಒಳ್ಳೆಯ ಸ್ಟೀರಿಯೊ ಮತ್ತು ಮೈಕ್ ಏಕಕಾಲಕ್ಕೆ ಸಾಧ್ಯವಿಲ್ಲ. ಹೆಡ್‌ಫೋನ್ ಹ್ಯಾಂಡ್ಸ್‌ಫ್ರೀ ಸ್ಥಿತಿಗೆ ಜಾರಿ 8 ಅಥವಾ 16 ಕಿಲೊಹರ್ಟ್ಸ್ ಮಾದರಿಯ ಧ್ವನಿಗೆ ಇಳಿಯುತ್ತದೆ. ಮೈಕ್ ಆಗಿ ಲ್ಯಾಪ್‌ಟಾಪಿನ ಸ್ವಂತ ಮೈಕನ್ನು ಆರಿಸಿಕೊಂಡರೆ ಮುಗಿಯಿತು.

ಎಲ್ಲಕ್ಕಿಂತ ಹೆಚ್ಚು ಗಮನ ಸಿಗಬೇಕಾದದ್ದು ಸದ್ದಿನ ಆರಂಭವೇ ನುಂಗಿಹೋಗುವ ದೋಷಕ್ಕೆ. ಪೈಪ್‌ವೈರ್ ಪರವಾಗಿ ಸಾಧನಗಳನ್ನು ನಿರ್ವಹಿಸುವ ವೈರ್‌ಪ್ಲಂಬರ್ ಸಾಮಾನ್ಯವಾಗಿ 5 ಸೆಕೆಂಡು ಸದ್ದಿಲ್ಲದಿದ್ದರೆ ಸಾಧನವನ್ನು ಮಲಗಿಸುತ್ತದೆ. ಹಾಡು ಕೇಳುವವರಿಗೆ ಇದು ಲೆಕ್ಕಕ್ಕಿಲ್ಲ. ಆದರೆ ಕಣ್ಣು ಕಾಣದವರು ಓರ್ಕಾ ಎಂಬ ಪರದೆ ಓದುವ ತಂತ್ರಾಂಶವನ್ನು ಇಸ್ಪೀಕ್‌-ಎನ್‌ಜಿಯ ಕನ್ನಡ ಧ್ವನಿಯೊಂದಿಗೆ ಬಳಸುತ್ತಿದ್ದರೆ, ಅವರು ಕೀಲಿ ಒತ್ತಿದಾಗಲೆಲ್ಲ ಸಾಧನ ಎಚ್ಚರವಾಗುವಷ್ಟರಲ್ಲಿ ಮೊದಲ ಅಕ್ಷರಗಳು ಹೋಗಿರುತ್ತವೆ. ಮೆನುವಿನಲ್ಲಿ "ಅಳಿಸು" ಮತ್ತು "ಉಳಿಸು" ಎರಡೂ "ಳಿಸು" ಎಂದೇ ಕೇಳಿದರೆ ಆಗುವ ನಷ್ಟ ಸಣ್ಣದಲ್ಲ. ಇಲ್ಲಿ ತಪ್ಪು ಸಂಪೂರ್ಣ ತಂತ್ರಾಂಶದ್ದು, ತರಂಗದ್ದಲ್ಲ. ಮಲಗಿಸುವ ಆ ಅವಧಿಯನ್ನು ಸೊನ್ನೆ ಮಾಡಿದರೆ ಸಾಧನ ಎಚ್ಚರವಾಗಿಯೇ ಇರುತ್ತದೆ. ಕರೆಂಟು ಹೋಗಿ ಬ್ಯಾಟರಿಯ ಮೇಲೆ ಓಡುವಾಗ ಮಾತ್ರ ಕಾಡುವ ದೋಷವಾದರೆ ಯುಎಸ್‌ಬಿ ಸಾಧನಗಳನ್ನು ತಾನಾಗಿ ಮಲಗಿಸುವ ವಿದ್ಯುತ್ ಉಳಿತಾಯದ ಆಯ್ಕೆಯನ್ನೂ ನೋಡಬೇಕು, ಏಕೆಂದರೆ ಲ್ಯಾಪ್‌ಟಾಪಿನ ಒಳಗಿನ ಬ್ಲೂಟೂತ್ ಕೂಡ ಬಹುಪಾಲು ಯುಎಸ್‌ಬಿ ಸಾಧನವೇ.

ಇಷ್ಟೆಲ್ಲ ಯಾಕೆ, ತಂತಿಯ ಇಯರ್‌ಫೋನ್ ಹಾಕಿಕೊಂಡರೆ ಆಯಿತಲ್ಲ ಎನ್ನುವವರಿಗೆ ನನ್ನ ತಕರಾರಿಲ್ಲ. ಪರೀಕ್ಷೆಯ ದಿನಕ್ಕೆ, ಸಂದರ್ಶನಕ್ಕೆ ತಂತಿಯೇ ಲೇಸು. ಆದರೆ ಹಳೆಯ ಲ್ಯಾಪ್‌ಟಾಪಿನಲ್ಲಿ ಮೊದಲು ಕೆಡುವ ಭಾಗಗಳಲ್ಲಿ ಆ ಇಯರ್‌ಫೋನ್ ಕಿಂಡಿಯೂ ಒಂದು. ಇನ್ನು ಹೊಸ ತಂತ್ರಜ್ಞಾನದ ಆಸೆ: ಬ್ಲೂಟೂತ್ 5.2ರ ಮೇಲೆ ನಿಂತ ಎಲ್‌ಇ ಆಡಿಯೊದ ನಿಯಮಾವಳಿ 2022ರಲ್ಲಿ ಪೂರ್ಣವಾಯಿತು. ಅದರ ಎಲ್‌ಸಿ3 ಕೋಡೆಕ್ ಕಡಿಮೆ ಬಿಟ್‌ಗಳಲ್ಲೇ ಎಸ್‌ಬಿಸಿಗಿಂತ ಚೆನ್ನಾಗಿ ಕೇಳಿಸುತ್ತದೆ, ಮೈಕ್ ಮತ್ತು ಸ್ಟೀರಿಯೊ ಒಟ್ಟಿಗೆ ಸಾಧ್ಯವಾಗುತ್ತವೆ. ಲಿನಕ್ಸಿನ ಬ್ಲೂಟೂತ್ ತಂತ್ರಾಂಶವಾದ ಬ್ಲೂಝ್ ಮತ್ತು ಪೈಪ್‌ವೈರ್‌ಗಳು ಇದಕ್ಕೆ ಬೆಂಬಲ ಸೇರಿಸಿವೆ, ಆದರೆ ಕಾರ್ಡು, ಹೆಡ್‌ಫೋನ್ ಎರಡೂ ಅದನ್ನು ಬಲ್ಲವಾಗಿರಬೇಕು; ಹಳೆಯ ಕಾರ್ಡಿಗೆ ತಂತ್ರಾಂಶದಿಂದ ಅದನ್ನು ತುಂಬಲಾಗದು. ಕಾರ್ಡು ಎಂ.2 ಕಿಂಡಿಯಲ್ಲಿ ಕೂತಿದ್ದರೆ ಸ್ಕ್ರೂ ಬಿಚ್ಚಿ, ಎರಡು ಆಂಟೆನಾ ತಂತಿ ಜೋಡಿಸಬಹುದಾದ ಬೇರೆ ಕಾರ್ಡು ಹಾಕಬಹುದು. ಬೋರ್ಡಿಗೇ ಬೆಸುಗೆ ಹಾಕಿದ್ದರೆ ಆ ದಾರಿಯಿಲ್ಲ. ಕೆಲವು ತಯಾರಕರು ತಾವು ಒಪ್ಪಿದ ಕಾರ್ಡುಗಳನ್ನು ಬಿಟ್ಟು ಬೇರೆಯದನ್ನು ಬಯಾಸ್‌ನಲ್ಲೇ ತಡೆಯುವುದರಿಂದ, ಹಣ ಕೊಡುವ ಮೊದಲು ತಮ್ಮ ಮಾದರಿಯ ಸಂಖ್ಯೆ ಹಿಡಿದು ಅದನ್ನೊಂದು ವಿಚಾರಿಸಿಕೊಳ್ಳಬೇಕು.